ನೀರಿರುವ ಊರಿನಿಂದ ಗುಳೆ ಏಕೆ?

(ಧುಪದಾಳದಲ್ಲಿ ನಡೆದ ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಬರಗಾಲದ ಊರಿನಿಂದ ಜನರು ಗುಳೆ ಹೊರಟರೆ ನಾವು ಮಳೆಯನ್ನು ದೂರುತ್ತೇವೆ. ಧುಪದಾಳದಲ್ಲಿ ನಿಂತು ಹಾಗೆ ದೂರುವಂತಿಲ್ಲ. ಇಲ್ಲಿ ಘಟಪ್ರಭೆಗೆ ಒಡ್ಡು ಕಟ್ಟಿ ಕಾಲುವೆ ತೆಗೆದು ನೂರು ವರ್ಷಗಳೇ ಕಳೆದಿವೆ. ಇದೇ ನದಿಯ ಬಲವನ್ನು ನಂಬಿ ಗೋಕಾಕ ಜಲಪಾತದ ಬಳಿ ಹತ್ತಿ ಗಿರಣಿ ನಡೆಸಲು 1885ರಲ್ಲೇ ಕಂಪೆನಿ ಸ್ಥಾಪನೆಯಾಯಿತು. ಮೇಲ್ಭಾಗದಲ್ಲಿ 51 ಟಿಎಂಸಿ ಸಾಮರ್ಥ್ಯದ ಹಿಡಕಲ್ ಜಲಾಶಯವಿದೆ. ಹೀಗಿದ್ದೂ ನಮ್ಮ ಯುವಕರು ಗೋವಾ, ಕೊಲ್ಲಾಪುರ, ಪುಣೆ, ಬೆಂಗಳೂರುಗಳಿಗೆ ಕೂಲಿ ಅರಸಿ ಹೋಗುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ಮರಳಿ ಬಂದವರೂ ದಾರಿ ತೆರೆದೊಡನೆ ಪುನಃ ಹೊರಟರು. ಊರಿನ ಮೇಲೆ ಪ್ರೀತಿಯಿಲ್ಲದೆ ಅವರು ಹೋಗಲಿಲ್ಲ. ಇಲ್ಲಿ ವರ್ಷವಿಡೀ ಕೆಲಸವಿರಲಿಲ್ಲ.

ನೀರು ಬಂದೊಡನೆ ಉದ್ಯೋಗವೂ ಬರುತ್ತದೆಯೆಂಬ ನಮ್ಮ ಭಾವನೆ ಅರ್ಧಸತ್ಯ. ಆ ನೀರಿನಿಂದ ಏನನ್ನು ಬೆಳೆಯುತ್ತೇವೆ, ಬೆಳೆದುದನ್ನು ಎಲ್ಲಿ ಸಂಸ್ಕರಿಸುತ್ತೇವೆ ಎಂಬುದೇ ಉದ್ಯೋಗವನ್ನು ನಿರ್ಧರಿಸುತ್ತದೆ. ನಮ್ಮ ನೀರಿನ ಬಹುಭಾಗವನ್ನು ಕಬ್ಬು ಕುಡಿಯುತ್ತದೆ. ನಾಟಿ, ಕಳೆ ಮುಗಿದರೆ ಕಬ್ಬಿನ ಹೊಲದಲ್ಲಿ ತಿಂಗಳುಗಟ್ಟಲೆ ಹೆಚ್ಚಿನ ಕೆಲಸವಿಲ್ಲ. ಕಟಾವಿನ ಕಾಲಕ್ಕೆ ಮಹಾರಾಷ್ಟ್ರದ ಬೀಡ್ ಮುಂತಾದ ಬರಪೀಡಿತ ಪ್ರದೇಶಗಳಿಂದ ಗ್ಯಾಂಗುಗಳು ಬರುತ್ತವೆ. ಮುಕಾದಮನಿಂದ ಮುಂಗಡ ಪಡೆದ ದಂಪತಿಗಳು ಮಕ್ಕಳ ಶಾಲೆ ಬಿಡಿಸಿ, ಹೊಲದ ಬದಿಯ ಗುಡಿಸಲಲ್ಲಿ ವಾಸಿಸುತ್ತಾರೆ. ಅವರು ನಮ್ಮೂರಿಗೆ ಗುಳೆ ಬರುತ್ತಾರೆ, ನಮ್ಮವರು ಇನ್ನೊಂದೂರಿಗೆ ಗುಳೆ ಹೋಗುತ್ತಾರೆ. ಇಬ್ಬರ ಮಕ್ಕಳ ವಿದ್ಯೆಯೂ ದಾರಿಯಲ್ಲೇ ನಿಲ್ಲುತ್ತದೆ.

2025ರ ನವೆಂಬರ್‌ನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಬೇಡಿ ಹಗಲಿರುಳು ಕುಳಿತರು. ಕೊನೆಗೆ ಸರಕಾರ 3,300 ರೂಪಾಯಿ ಘೋಷಿಸಿತು. ಅವರ ಹೋರಾಟ ನ್ಯಾಯಯುತವಾಗಿತ್ತು. ಆದರೆ ಟನ್ನಿನ ದರ ಏರಿದ ಮಾತ್ರಕ್ಕೆ ಹೊಲವಿಲ್ಲದವನ ಕೆಲಸದ ದಿನಗಳು ಏರುವುದಿಲ್ಲ. ಆ ಪ್ರಶ್ನೆಯನ್ನು ಎತ್ತುವವರು ಯಾರು?

ದಾರಿಗಳಿಲ್ಲವೆಂದಲ್ಲ. ಗೋಕಾಕ ಭಾಗದಲ್ಲಿ ಅರಿಶಿನ ಬೆಳೆಯುತ್ತದೆ. ಅಗೆದ ಮೇಲೂ ಅದನ್ನು ಕುದಿಸಬೇಕು, ಒಣಗಿಸಬೇಕು, ಹೊಳಪು ಕೊಡಬೇಕು. ಪ್ರತಿಯೊಂದು ಹಂತವೂ ಕೂಲಿ ಕೊಡುವ ಕೆಲಸ. ಅದನ್ನು ಸಾಂಗ್ಲಿಯ ಪೇಟೆಗೆ ಮಾರಿ, ಪುಡಿಯಾಗಿ ಪೊಟ್ಟಣದಲ್ಲಿ ಬಂದುದನ್ನು ನಾವೇ ಹೆಚ್ಚಿನ ಬೆಲೆ ತೆತ್ತು ಕೊಳ್ಳುತ್ತೇವೆ. ತರಕಾರಿ, ಸಸಿಮಡಿ, ಹೈನುಗಾರಿಕೆಗಳೂ ಕಬ್ಬಿಗಿಂತ ಹೆಚ್ಚು ಕೈಗಳನ್ನು ಬೇಡುತ್ತವೆ. ಸಮೀಪದ ಅರಭಾವಿಯಲ್ಲೇ ತೋಟಗಾರಿಕೆ ಮಹಾವಿದ್ಯಾಲಯವಿದೆ. ನಮ್ಮಲ್ಲಿ ಎಷ್ಟು ಮಂದಿ ಅದರ ಬಾಗಿಲು ತಟ್ಟಿದ್ದೇವೆ? 2020ರಲ್ಲಿ ಆರಂಭವಾದ ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆಯು ಬೆಳಗಾವಿ ಜಿಲ್ಲೆಗೆ ಬೆಲ್ಲವನ್ನು ಆರಿಸಿ, ಘಟಕ ಹಾಕುವವರಿಗೆ ಶೇ. 35 ಸಹಾಯಧನವನ್ನು ಗೊತ್ತುಪಡಿಸಿತು. ಅರ್ಜಿ ಹಾಕಿದವರಲ್ಲಿ ನಮ್ಮ ಮನೆಯವರು ಎಷ್ಟು ಎಂದು ನಮ್ಮನ್ನೇ ಕೇಳಿಕೊಳ್ಳೋಣ.

ಇನ್ನೊಂದು ಗಂಭೀರ ವಿಷಯ. 1974ರ ತಿದ್ದುಪಡಿಯೊಂದಿಗೆ ಭೂ ಸುಧಾರಣಾ ಕಾಯ್ದೆಯು ಗೇಣಿಯನ್ನು ರದ್ದುಗೊಳಿಸಿ ಉಳುವವನನ್ನು ಒಡೆಯನನ್ನಾಗಿ ಮಾಡಿತು. ಅದು ಮಹತ್ತರವಾದ ನ್ಯಾಯ. ಆದರೆ ಇಂದು ಭೂಮಿಯಿಲ್ಲದವನು ಲಾವಣಿಗೆ ಹೊಲ ಮಾಡಿದರೆ ಅದು ಬರೀ ಬಾಯಿಮಾತು. ಪಹಣಿಯಲ್ಲಿ ಅವನ ಹೆಸರಿಲ್ಲ; ಆದ್ದರಿಂದ ಬ್ಯಾಂಕಿನ ಬೆಳೆಸಾಲ, ವಿಮೆ, ಪರಿಹಾರಗಳೂ ಅವನಿಗೆ ದೂರ. 2019ರ ಆಗಸ್ಟ್‌ನ ಪ್ರವಾಹದಂಥ ವಿಪತ್ತಿನಲ್ಲಿ ಕೊಚ್ಚಿಹೋಗುವುದು ಅವನ ಬೆವರು. ಪರಿಹಾರ ಸಲ್ಲುವುದು ಪಹಣಿಯ ಹೆಸರಿಗೆ. 2020ರ ತಿದ್ದುಪಡಿಯು ಕೃಷಿಕರಲ್ಲದವರಿಗೂ ಭೂಮಿ ಕೊಳ್ಳುವ ದಾರಿ ತೆರೆಯಿತು. ದುಡಿಯುವ ಬಡವನಿಗೆ ಲಿಖಿತ ಒಪ್ಪಂದದ ರಕ್ಷಣೆ ಮಾತ್ರ ದೊರೆಯಲಿಲ್ಲ. ಒಡೆಯನ ಹಕ್ಕಿಗೆ ಧಕ್ಕೆಯಾಗದಂತೆ, ಸಾಗುವಳಿದಾರನಿಗೆ ಆ ಋತುವಿನ ಮಟ್ಟಿಗಾದರೂ ದಾಖಲೆ ನೀಡುವಂತೆ ನಮ್ಮ ಶಾಸಕರನ್ನು ಒತ್ತಾಯಿಸಬೇಕು.

ಸರಕಾರವನ್ನು ಕೇಳುವಾಗ ನಮ್ಮ ಪಾಲಿನ ಕರ್ತವ್ಯವನ್ನು ಮರೆಯಬಾರದು. ಪಟ್ಟಣದ ಬಾಗವಾನ ಕುಟುಂಬಗಳಿಗೆ ಹಣ್ಣು, ತರಕಾರಿಯ ಪೇಟೆ ಅಂಗೈಯ ಗೆರೆಯಷ್ಟು ಪರಿಚಿತ. ಅವರು ಬಿತ್ತನೆಗೆ ಮುಂಚೆಯೇ ಹತ್ತು ಮಂದಿ ರೈತರೊಂದಿಗೆ ಬೆಲೆ ಮಾತಾಡಿಕೊಂಡರೆ ರೈತನು ಕಬ್ಬನ್ನು ಬಿಟ್ಟು ತರಕಾರಿಗೆ ಒಂದೆಕರೆ ಬಿಡಲು ಧೈರ್ಯ ತಾಳುತ್ತಾನೆ. ಮಗಳ ಮದುವೆಯ ಆಡಂಬರಕ್ಕೆ ಸುರಿಯುವ ಹಣದ ಒಂದು ಪಾಲು ಅರಿಶಿನ ಪುಡಿಮಾಡುವ ಯಂತ್ರವಾದರೆ, ಅದೇ ಮಗಳು ಮನೆಯ ಬಳಿಯೇ ಸಂಪಾದಿಸಬಲ್ಲಳು. ಗ್ರಾಮಸಭೆಗಳಲ್ಲಿ ಮೌನವಾಗಿ ಸಹಿ ಹಾಕಿ ಏಳುವ ಬದಲು, ಕೆಲಸವಿಲ್ಲದ ತಿಂಗಳುಗಳಲ್ಲಿ ಕೆಲಸ ಕೇಳಿ ಲಿಖಿತ ಅರ್ಜಿ ಕೊಡುವುದನ್ನು ಕಲಿಯಬೇಕು.

ದುಡಿಮೆಗಾಗಿ ಊರು ಬಿಡುವುದು ಅವಮಾನವಲ್ಲ. ಊರಿನಲ್ಲಿ ಉಳಿಯಲು ಬಯಸುವವನಿಗೆ ಅವಕಾಶವೇ ಇಲ್ಲದಿರುವುದು ನಮ್ಮೆಲ್ಲರ ಅವಮಾನ. ಹೋಗುವುದೂ ಉಳಿಯುವುದೂ ನಮ್ಮ ಮಕ್ಕಳ ಸ್ವಂತ ಆಯ್ಕೆಯಾಗಲಿ. ಅದಕ್ಕೆ ಬೇಕಾದ ನೀರು ನಮ್ಮ ಮುಂದೆಯೇ ಹರಿಯುತ್ತಿದೆ.