ಅಗ್ಗದ ಪೆಟ್ರೋಲು ಮತ್ತು ಗಾಜಿನ ಪಂಪು

(ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಅಮೆರಿಕದವರು ಪೆಟ್ರೋಲನ್ನು ‘ಗ್ಯಾಸೋಲಿನ್’ ಎಂದು ಕರೆಯುತ್ತಾರೆ. ಆಡುಮಾತಿನಲ್ಲಿ ಅದು ಬರಿಯ ‘ಗ್ಯಾಸ್’. ಅಡುಗೆಮನೆಯ ಸಿಲಿಂಡರಿಗೂ ಅದಕ್ಕೂ ಸಂಬಂಧವಿಲ್ಲ. ಆ ದೇಶದ ವೃದ್ಧರ ನಡುವೆ ಬೆಲೆಯೇರಿಕೆಯ ಮಾತು ಬಂದಾಗಲೆಲ್ಲ ಒಂದು ನೆನಪು ತಪ್ಪದೆ ಮೇಲೇಳುತ್ತದೆ: ಒಂದು ಗ್ಯಾಲನ್ನಿಗೆ, ಅಂದರೆ ಸುಮಾರು ಮೂರು ಮುಕ್ಕಾಲು ಲೀಟರಿಗೆ, ಮೂವತ್ತು ಸೆಂಟು. ಕಾರು ಬಂದು ನಿಂತೊಡನೆ ಸಮವಸ್ತ್ರದ ಹುಡುಗ ಓಡಿಬರುತ್ತಿದ್ದ. ಪೆಟ್ರೋಲು ತುಂಬುತ್ತ ಮುಂಗಾಜು ಒರೆಸುತ್ತಿದ್ದ, ಎಂಜಿನ್ನಿನ ಆಯಿಲ್ ನೋಡುತ್ತಿದ್ದ, ಚಕ್ರದ ಗಾಳಿ ಪರೀಕ್ಷಿಸುತ್ತಿದ್ದ. ಕೇಳಿದರೆ ರಸ್ತೆಯ ನಕ್ಷೆಯನ್ನೂ ಪುಕ್ಕಟೆಯಾಗಿ ಕೊಡುತ್ತಿದ್ದ. ಆ ಕಾಲದ ಪಂಪುಗಳನ್ನು ಗುಜರಿಯಿಂದ ಹುಡುಕಿ ತಂದು, ಬಣ್ಣ ಬಳಿದು, ಮನೆಯಂಗಳದಲ್ಲಿ ನಿಲ್ಲಿಸಿಕೊಂಡು ಸಂತೋಷಪಡುವ ಹವ್ಯಾಸಿಗಳು ಅಲ್ಲಿ ಬಹಳ ಮಂದಿ ಇದ್ದಾರೆ. ಇಲಿನಾಯ್ ರಾಜ್ಯದ ಓಡೆಲ್ ಎಂಬ ಸಣ್ಣ ಊರಿನಲ್ಲಿ 1932ರಲ್ಲಿ ಕಟ್ಟಿದ ಬಂಕೊಂದನ್ನು ದುರಸ್ತಿ ಮಾಡಿ ಸ್ಮಾರಕದಂತೆ ಕಾಪಾಡಲಾಗಿದೆ. ಪಕ್ಕದ ಡ್ವೈಟ್ ಎಂಬ ಊರಿನ ಬಂಕು 1933ರಿಂದ 1999ರವರೆಗೆ ಪೆಟ್ರೋಲು ಮಾರಿ, ಈಗ ಪ್ರವಾಸಿಗರನ್ನು ಬರಮಾಡಿಕೊಳ್ಳುತ್ತಿದೆ.

ಈ ಹಂಬಲವನ್ನು ನೋಡಿ ನಗುವುದು ಉಚಿತವಲ್ಲ. ಆ ಪಂಪುಗಳಲ್ಲಿ ನಿಜಕ್ಕೂ ಒಂದು ಚೆಲುವಿತ್ತು. ಆದರೆ ಮೂವತ್ತು ಸೆಂಟೆಂಬುದು ಪಂಪಿನ ಮುಖದ ಮೇಲೆ ಬರೆದ ಬೆಲೆ. ಅದರ ಹೊರಗೆ, ಬೇರೆಡೆಯಲ್ಲಿ, ಬೇರೆಯವರಿಂದ ವಸೂಲಾದದ್ದೆಷ್ಟು ಎಂಬುದೇ ಇಂದಿನ ವಿಷಯ.

ಮೊದಲು ಪಂಪಿನ ಕಥೆ. 1885ರಲ್ಲಿ ಇಂಡಿಯಾನ ರಾಜ್ಯದ ಫೋರ್ಟ್ ವೇನ್ ನಗರದ ಸಿಲ್ವೇನಸ್ ಬೌಸರ್ ಎಂಬಾತ ಕಿರಾಣಿ ಅಂಗಡಿಯವನೊಬ್ಬನಿಗೆ ಪೀಪಾಯಿಯಿಂದ ಸೀಮೆಎಣ್ಣೆ ಎತ್ತಿ ಅಳೆದುಕೊಡುವ ಪಂಪೊಂದನ್ನು ಮಾಡಿ ಮಾರಿದ. ಆಗ ಮೋಟಾರು ಕಾರು ಇನ್ನೂ ಅಂಬೆಗಾಲಿಡುತ್ತಿತ್ತು. ವಿಮಾನಗಳಿಗೆ ಇಂಧನ ತುಂಬುವ ಟ್ಯಾಂಕರನ್ನು ಇಂದಿಗೂ ‘ಬೌಸರ್’ ಎನ್ನುವುದು ಆ ಹೆಸರಿನ ಉಳಿಕೆ. ಕಾರುಗಳು ಬಂದ ಮೇಲೆ ಕೆಲವು ವರ್ಷ ಪೆಟ್ರೋಲು ಡಬ್ಬಿಗಳಲ್ಲಿ ಮಾರಾಟವಾಯಿತು. 1913ರ ಡಿಸೆಂಬರ್ 1ರಂದು ಗಲ್ಫ್ ಕಂಪನಿಯು ಪಿಟ್ಸ್‌ಬರ್ಗ್ ನಗರದಲ್ಲಿ, ಕಾರು ಒಳಗೇ ಬಂದು ನಿಲ್ಲುವಂತಹ ಬಂಕನ್ನು ತೆರೆಯಿತು. ಅಲ್ಲಿ ಗ್ಯಾಲನ್ನಿನ ಬೆಲೆ 27 ಸೆಂಟು.

ಆ ದಿನಗಳಲ್ಲಿ ಗಿರಾಕಿಗೆ ಅಳತೆಯ ಮೇಲೆ ನಂಬಿಕೆಯಿರಲಿಲ್ಲ. ಕಬ್ಬಿಣದ ಪೆಟ್ಟಿಗೆಯೊಳಗಿಂದ ಕೊಳವೆಯಲ್ಲಿ ಬರುವುದು ಎಷ್ಟು, ಅದರಲ್ಲಿ ನೀರೆಷ್ಟು, ಕಸವೆಷ್ಟು, ಯಾರು ಬಲ್ಲರು? ಇದಕ್ಕೆ ಉತ್ತರವಾಗಿ ಬಂದದ್ದೇ ಗಾಜಿನ ಪಂಪು. ಆಳೆತ್ತರವನ್ನೂ ಮೀರಿದ ಕಂಬ. ಅದರ ತಲೆಯ ಮೇಲೆ ಗಾಜಿನ ಕೊಳಗ. ಗಾಜಿನೊಳಗೆ ಗ್ಯಾಲನ್ನಿನ ಗುರುತುಗಳು. ಬಂಕಿನವನು ಉದ್ದನೆಯ ಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ಜಗ್ಗಿ ನೆಲದಡಿಯ ಟ್ಯಾಂಕಿನಿಂದ ಪೆಟ್ರೋಲನ್ನು ಮೇಲಕ್ಕೇರಿಸುತ್ತಿದ್ದ. ಗಿರಾಕಿ ಕಣ್ಣಾರೆ ಕಂಡು ಒಪ್ಪಿದ ಮೇಲೆ ಅದು ತನ್ನ ಭಾರದಿಂದಲೇ ಕೊಳವೆಯಲ್ಲಿ ಇಳಿದು ಕಾರಿಗೆ ಸೇರುತ್ತಿತ್ತು. ಗಾಜಿನಲ್ಲಿ ಚೆನ್ನಾಗಿ ಕಾಣಲೆಂದು, ಒಂದು ಬ್ರಾಂಡಿನಿಂದ ಇನ್ನೊಂದನ್ನು ಗುರುತಿಸಲೆಂದು ಪೆಟ್ರೋಲಿಗೆ ಬಣ್ಣ ಬೆರೆಸುತ್ತಿದ್ದರು. ಪಂಪಿನ ನೆತ್ತಿಯ ಮೇಲೆ ಕಂಪನಿಯ ಚಿಹ್ನೆಯುಳ್ಳ ಗಾಜಿನ ಬುರುಡೆ ರಾತ್ರಿಯೆಲ್ಲ ಉರಿಯುತ್ತಿತ್ತು. ಎಡ್ವರ್ಡ್ ಹಾಪರ್ ಎಂಬ ಚಿತ್ರಕಾರ 1940ರಲ್ಲಿ ಬರೆದ ‘ಗ್ಯಾಸ್’ ಎಂಬ ಚಿತ್ರದಲ್ಲಿ ಕಾಡಂಚಿನ ರಸ್ತೆಯ ಪಕ್ಕ ಅಂತಹ ಕೆಂಪು ಪಂಪುಗಳು ಸಾಲಾಗಿ ನಿಂತಿವೆ. ಆ ವೇಳೆಗಾಗಲೇ, 1930ರ ದಶಕದಲ್ಲಿ, ಹಣವನ್ನೂ ತಾನೇ ಲೆಕ್ಕಹಾಕುವ ಪಂಪು ಬಂದು ಗಾಜಿನ ಪಂಪು ಮೂಲೆಗೆ ಸರಿಯತೊಡಗಿತ್ತು.

ಇನ್ನು ಬೆಲೆ. 1960ರಲ್ಲಿ ಅಲ್ಲಿ ಗ್ಯಾಲನ್ನಿನ ಸರಾಸರಿ ಬೆಲೆ 31 ಸೆಂಟು. ಡಾಲರಿಗೆ 4 ರೂಪಾಯಿ 76 ಪೈಸೆಯಿದ್ದ ಅಂದಿನ ದರದಲ್ಲಿ ಲೀಟರಿಗೆ 39 ಪೈಸೆ! ಕೇಳಿದರೆ ಯಾರಿಗಾದರೂ ಬಾಯಲ್ಲಿ ನೀರೂರಬೇಕು. ಆದರೆ ಹಣದ ಮೌಲ್ಯ ಕುಸಿದದ್ದನ್ನು ಲೆಕ್ಕಕ್ಕೆ ಹಿಡಿದರೆ ಅಂದಿನ 31 ಸೆಂಟು 2024ರ ಸುಮಾರು 3 ಡಾಲರ್ 30 ಸೆಂಟಿಗೆ ಸಮ. 2024ರಲ್ಲಿ ಅಲ್ಲಿನ ಸರಾಸರಿ ಬೆಲೆಯೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಇದೇ ಲೆಕ್ಕದಲ್ಲಿ ನೋಡಿದರೆ 1998ರಲ್ಲಿ ಪೆಟ್ರೋಲು 1960ಕ್ಕಿಂತಲೂ ಬಹಳ ಅಗ್ಗವಾಗಿತ್ತು: ಗ್ಯಾಲನ್ನಿಗೆ ಒಂದು ಡಾಲರಿಗಿಂತ ತುಸು ಹೆಚ್ಚು, ಅಂದರೆ 2024ರ ಹಣದಲ್ಲಿ ಸುಮಾರು ಎರಡು ಡಾಲರು. ಹಾಗಿದ್ದರೂ 1998ನ್ನು ನೆನೆದು ನಿಟ್ಟುಸಿರಿಡುವವರು ವಿರಳ. ಮುಂಗಾಜು ಒರೆಸುವ ಹುಡುಗ ಆಗ ಇರಲಿಲ್ಲವಷ್ಟೆ! ಕಾರುಗಳ ಹೊಟ್ಟೆಯ ವಿಷಯವನ್ನೂ ಮರೆಯಬಾರದು. 1970ರ ದಶಕದ ಆದಿಯಲ್ಲಿ ಅಮೆರಿಕದ ಕಾರು ಸರಾಸರಿ ಲೀಟರಿಗೆ ಐದೂವರೆ ಕಿಲೋಮೀಟರು ಓಡುತ್ತಿತ್ತು. ಈಚಿನ ಹೊಸ ಕಾರುಗಳ ಸರಾಸರಿ ಅದರ ಇಮ್ಮಡಿ.

ಆದರೂ ಹಿರಿಯರ ನೆನಪು ಪೂರ್ತಿ ಸುಳ್ಳಲ್ಲ. 1968ರಲ್ಲಿ ಕೇಂದ್ರ ಸರಕಾರ ಗೊತ್ತುಪಡಿಸಿದ್ದ ಕನಿಷ್ಠ ಕೂಲಿ ಗಂಟೆಗೆ 1 ಡಾಲರ್ 60 ಸೆಂಟು. ಒಂದು ಗಂಟೆ ದುಡಿದವನು ನಾಲ್ಕೂವರೆ ಗ್ಯಾಲನ್ ಕೊಳ್ಳಬಹುದಿತ್ತು. 2009ರಲ್ಲಿ ಅದೇ ಕೂಲಿಯನ್ನು 7 ಡಾಲರ್ 25 ಸೆಂಟಿಗೆ ಏರಿಸಿ ಅಲ್ಲಿಗೇ ನಿಲ್ಲಿಸಿದರು. ಅದರಿಂದ 2024ರಲ್ಲಿ ಎರಡು ಗ್ಯಾಲನ್ನಿಗಿಂತ ತುಸು ಹೆಚ್ಚು ಬರುತ್ತಿತ್ತು. ಕಳೆದುಕೊಂಡದ್ದು ಅಗ್ಗದ ಪೆಟ್ರೋಲನ್ನಲ್ಲ, ಕೂಲಿಯ ಬೆಲೆಯನ್ನು ಎಂದರೆ ಹೆಚ್ಚು ಸರಿಯಾದೀತು.

ಅಷ್ಟು ಕಡಿಮೆ ಬೆಲೆ ಸಾಧ್ಯವಾದದ್ದು ಹೇಗೆ? ಟೆಕ್ಸಾಸ್ ಮೊದಲಾದ ರಾಜ್ಯಗಳಲ್ಲಿ ನೆಲದಡಿ ತೈಲ ಹೇರಳವಾಗಿತ್ತು. ಅರಬ್ ನಾಡುಗಳು, ಇರಾನ್ ಮತ್ತು ವೆನೆಜುವೇಲದ ತೈಲಕ್ಕೆ ಬೆಲೆ ಕಟ್ಟುತ್ತಿದ್ದವರು ನೆಲದ ಒಡೆಯರಲ್ಲ, ಕೊಳ್ಳುವ ಕಂಪನಿಗಳು. ತನ್ನ ತೈಲವನ್ನು ರಾಷ್ಟ್ರೀಕರಣಗೊಳಿಸಿದ ಇರಾನಿನ ಪ್ರಧಾನಿ ಮೊಸಾದೆಕ್ 1953ರಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಬೇಹುಗಾರರ ಸಂಚಿನಿಂದ ಪದಚ್ಯುತರಾದರು. 1960ರ ಆಗಸ್ಟಿನಲ್ಲಿ ಕಂಪನಿಗಳು ಯಾರನ್ನೂ ಕೇಳದೆ ಬೆಲೆ ಇಳಿಸಿದಾಗ ಐದು ದೇಶಗಳು ಮರುತಿಂಗಳೇ ಬಾಗ್ದಾದಿನಲ್ಲಿ ಸೇರಿ ‘ಒಪೆಕ್’ ಕೂಟವನ್ನು ಕಟ್ಟಿದವು. ಅದರ ಫಲ ಹದಿಮೂರು ವರ್ಷಗಳ ಅನಂತರ ಕಂಡಿತು. 1973ರ ಅಕ್ಟೋಬರಿನಿಂದ ಮರುವರ್ಷದ ಜನವರಿಯೊಳಗೆ ಪೀಪಾಯಿಯ ಬೆಲೆ ಸುಮಾರು 3 ಡಾಲರಿನಿಂದ 11 ಡಾಲರನ್ನು ದಾಟಿತು. ಬಂಕುಗಳ ಮುಂದೆ ಮೈಲುದ್ದದ ಸಾಲು ನಿಂತಿತು. 1979ರಲ್ಲಿ ಪುನಃ ಏರಿದಾಗ ವಿಚಿತ್ರವೊಂದು ನಡೆಯಿತು. ಹಳೆಯ ಪಂಪುಗಳ ಹಲ್ಲುಚಕ್ರಗಳಿಗೆ ಗ್ಯಾಲನ್ನಿಗೆ 99.9 ಸೆಂಟಿನಿಂದಾಚೆಗೆ ಎಣಿಸಲು ಬರುತ್ತಿರಲಿಲ್ಲ. ಪೆಟ್ರೋಲಿಗೆ ಒಂದು ಡಾಲರು ಆಗಬಹುದೆಂದು ಅವನ್ನು ಮಾಡಿದವರಿಗೆ ಹೊಳೆದೇ ಇರಲಿಲ್ಲ! ಬಂಕಿನವರು ಅರ್ಧ ಗ್ಯಾಲನ್ನಿನ ಬೆಲೆಯನ್ನು ಪಂಪಿಗೆ ಹೊಂದಿಸಿ, ಬಂದ ಮೊತ್ತವನ್ನು ಇಮ್ಮಡಿ ಮಾಡಿ ಹಣ ಪಡೆದರು.

ಸಮವಸ್ತ್ರದ ಹುಡುಗನ ನಗುಮುಖವೂ ಎಲ್ಲರ ಪಾಲಿಗೆ ಇರಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರಿಂದ ಪೆಟ್ರೋಲಿನ ಹಣ ಪಡೆದು ಶೌಚಾಲಯದ ಬಾಗಿಲನ್ನು ಮಾತ್ರ ಮುಚ್ಚುತ್ತಿದ್ದ ಬಂಕುಗಳು ಬೇಕಾದಷ್ಟಿದ್ದವು. ಮಕ್ಕಳನ್ನು ಕಟ್ಟಿಕೊಂಡು ಹೊರಟ ತಾಯಿಗೆ ಇದರ ಅರ್ಥವೇನೆಂದು ಇಲ್ಲಿರುವ ಹೆಣ್ಣುಮಕ್ಕಳಿಗೆ ವಿವರಿಸಬೇಕಾಗಿಲ್ಲ. ಯಾವ ಊರಿನಲ್ಲಿ ಎಲ್ಲಿ ನಿಲ್ಲಬಹುದೆಂದು ತಿಳಿಸುವ ‘ಗ್ರೀನ್ ಬುಕ್’ ಎಂಬ ಕೈಪಿಡಿಯನ್ನು ವಿಕ್ಟರ್ ಗ್ರೀನ್ 1936ರಿಂದ ಪ್ರಕಟಿಸತೊಡಗಿದರು. ಎಸ್ಸೊ ಬಂಕುಗಳಲ್ಲಿ ಅದು ಮಾರಾಟವಾಗುತ್ತಿತ್ತು ಎಂಬುದನ್ನು ಆ ಕಂಪನಿಯ ಪರವಾಗಿ ಹೇಳಲೇಬೇಕು. 1952ರಲ್ಲಿ ಮಿಸಿಸಿಪಿ ರಾಜ್ಯದಲ್ಲಿ ಡಾ. ಟಿ. ಆರ್. ಎಂ. ಹೊವರ್ಡ್ ಅವರ ಸಂಘಟನೆ, ಶೌಚಾಲಯ ಕೊಡದ ಬಂಕಿನಲ್ಲಿ ಪೆಟ್ರೋಲು ಕೊಳ್ಳಬೇಡಿ ಎಂಬ ಚೀಟಿಯನ್ನು ಕಾರುಗಳ ಹಿಂಬದಿಗೆ ಅಂಟಿಸಿ ಬಹಿಷ್ಕಾರ ಹೂಡಿತು. ಚೀಟಿ ಹಂಚಿದವರಲ್ಲಿ, 1963ರಲ್ಲಿ ಗುಂಡೇಟಿಗೆ ಬಲಿಯಾದ ಮೆಡ್ಗರ್ ಎವರ್ಸ್ ಒಬ್ಬರು. ಅನೇಕ ಬಂಕುಗಳು ಮಣಿದವು.

ಇನ್ನು ಗಾಜಿನಲ್ಲಿಯೂ ಕಾಣದೆ ಹೋದದ್ದರ ವಿಷಯ. ಎಂಜಿನ್ನಿನೊಳಗೆ ಪೆಟ್ರೋಲು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಕಟಕಟನೆ ಬಡಿಯುವುದನ್ನು ತಡೆಯಲು, 1921ರ ಡಿಸೆಂಬರಿನಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಥಾಮಸ್ ಮಿಜ್ಲಿ ಒಂದು ಸೀಸದ ಸಂಯುಕ್ತವನ್ನು ಕಂಡುಹಿಡಿದರು. ಅದರ ಹೆಸರು ಟೆಟ್ರಾಈಥೈಲ್ ಲೆಡ್. ಮದ್ಯಸಾರವನ್ನು ಬೆರೆಸಿದರೂ ಅದೇ ಕೆಲಸವಾಗುತ್ತದೆಂದು ಅವರಿಗೆ ಗೊತ್ತಿತ್ತು. ಆದರೆ ರೈತನೂ ಭಟ್ಟಿಯಿಳಿಸಬಲ್ಲ ಮದ್ಯಸಾರಕ್ಕೆ ಪೇಟೆಂಟ್ ದೊರೆಯದು. ಸೀಸದ ಪೆಟ್ರೋಲು 1923ರ ಫೆಬ್ರವರಿಯಲ್ಲಿ ಓಹಾಯೊ ರಾಜ್ಯದ ಡೇಟನ್ ನಗರದ ಬಂಕಿನಲ್ಲಿ ಮಾರಾಟಕ್ಕೆ ಬಂತು. ಹೆಸರು ‘ಈಥೈಲ್’. ಸೀಸ ಎಂಬ ಪದವನ್ನೇ ಕೈಬಿಡಲಾಗಿತ್ತು. ಅದಕ್ಕೆ ಬೆರೆಸಿದ ಕೆಂಪು ಬಣ್ಣವಷ್ಟೇ ಗಾಜಿನಲ್ಲಿ ಕಂಗೊಳಿಸಿತು.

ಮರುವರ್ಷದ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಎಂಬಲ್ಲಿನ ಸಂಸ್ಕರಣಾಗಾರದಲ್ಲಿ ಈ ಸಂಯುಕ್ತ ತಯಾರಿಸುತ್ತಿದ್ದ ಐವರು ಕಾರ್ಮಿಕರು ಭ್ರಮೆಯಿಂದ ಹುಚ್ಚೆದ್ದು ಸತ್ತರು. ಹಲವರು ಆಸ್ಪತ್ರೆ ಸೇರಿದರು. ಮಿಜ್ಲಿ ಪತ್ರಕರ್ತರನ್ನು ಕರೆದು ಅವರೆದುರಿನಲ್ಲೇ ಆ ದ್ರವದಿಂದ ಕೈ ತೊಳೆದುಕೊಂಡು ತೋರಿಸಿದರು. ಹಿಂದಿನ ವರ್ಷವಷ್ಟೇ ತಾವೇ ಸೀಸದ ವಿಷವೇರಿ ರಜೆ ಹಾಕಿದ್ದರೆಂಬುದನ್ನು ಅವರು ಅಂದು ಎತ್ತಲಿಲ್ಲ. 1925ರ ಮೇ ತಿಂಗಳಲ್ಲಿ ಸರಕಾರ ಕರೆದ ಸಭೆಯಲ್ಲಿ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಮತ್ತು ಯೇಲ್ ವಿಶ್ವವಿದ್ಯಾಲಯದ ಯಾಂಡೆಲ್ ಹೆಂಡರ್ಸನ್ ಬಲವಾಗಿ ವಿರೋಧಿಸಿದರು. ಮುಂದಿನ ವರ್ಷ ಸಮಿತಿಯೊಂದು, ನಿಷೇಧಿಸಲು ಸಾಕಷ್ಟು ಆಧಾರವಿಲ್ಲವೆಂದು ವರದಿ ಕೊಟ್ಟಿತು. ಹಾನಿಯನ್ನು ಸಾಬೀತುಪಡಿಸುವ ಹೊಣೆ ಉಸಿರಾಡುವವರ ಮೇಲೆ ಬಿತ್ತು. ಅಣೆಕಟ್ಟು, ಗಣಿಗಳ ವಿಚಾರಣೆಗೆ ಹೋಗಿಬಂದವರಿಗೆ ಈ ನ್ಯಾಯ ಹೊಸದೆನಿಸದು.

ಈ ಹೊಣೆಯನ್ನು ಹೊತ್ತವರಲ್ಲಿ ಮುಖ್ಯರು ಕ್ಲೇರ್ ಪ್ಯಾಟರ್ಸನ್ ಎಂಬ ಭೂರಸಾಯನ ವಿಜ್ಞಾನಿ. ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷವೆಂದು 1956ರಲ್ಲಿ ಪ್ರಕಟಿಸಿದವರು ಅವರೇ. ಆ ಲೆಕ್ಕಕ್ಕಾಗಿ ಕಲ್ಲಿನಲ್ಲಿರುವ ಸೀಸವನ್ನು ಅಳೆಯಹೊರಟಾಗ ಅವರ ಪ್ರಯೋಗಾಲಯದ ಗಾಳಿ, ನೀರು, ಧೂಳು ಎಲ್ಲದರಲ್ಲೂ ಸೀಸ ಸಿಕ್ಕು ಅಳತೆ ಕೆಡುತ್ತಿತ್ತು. ಅದು ಎಲ್ಲಿಂದ ಬಂತೆಂದು ಹುಡುಕುತ್ತ ಹೋಗಿ ಅವರು ಕಾರಿನ ಹೊಗೆಕೊಳವೆಯನ್ನು ತಲುಪಿದರು. 1965ರಲ್ಲಿ ಅವರ ಲೇಖನ ಬಂದಾಗ ಉದ್ಯಮದ ಪರ ವಿಜ್ಞಾನಿಗಳು ಹರಿಹಾಯ್ದರು. 1979ರಲ್ಲಿ ಹರ್ಬರ್ಟ್ ನೀಡಲ್‌ಮನ್ ಎಂಬ ವೈದ್ಯರು ಶಾಲಾಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಸಂಗ್ರಹಿಸಿ, ಹಲ್ಲಿನಲ್ಲಿ ಸೀಸ ಹೆಚ್ಚಿದ್ದ ಮಕ್ಕಳು ಬುದ್ಧಿಪರೀಕ್ಷೆಯಲ್ಲೂ ತರಗತಿಯ ಏಕಾಗ್ರತೆಯಲ್ಲೂ ಹಿಂದೆ ಬಿದ್ದಿದ್ದನ್ನು ತೋರಿಸಿದರು. 1970ರ ದಶಕದ ಆದಿಯಲ್ಲಿ ಅಮೆರಿಕದ ಪೆಟ್ರೋಲಿಗೆ ವರ್ಷಕ್ಕೆ ಸುಮಾರು 2 ಲಕ್ಷ ಟನ್ ಸೀಸ ಬೆರೆಯುತ್ತಿತ್ತು. ಅದನ್ನು ಇಳಿಸುತ್ತ ಬಂದಂತೆ, 1976ರಿಂದ 1980ರೊಳಗೆ ಜನರ ರಕ್ತದ ಸೀಸ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಇಳಿಯಿತು. ರಸ್ತೆಯ ವಾಹನಗಳಿಗೆ ಅಲ್ಲಿ ಪೂರ್ಣ ನಿಷೇಧ ಬಂದದ್ದು 1996ರಲ್ಲಿ.

ಭಾರತ ಇದೇ ದಾರಿಯಲ್ಲಿ ತಡವಾಗಿ ನಡೆಯಿತು. ಸೀಸವಿಷದ ತಡೆಗಾಗಿ 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಏಳು ನಗರಗಳ ಸಮೀಕ್ಷೆಯಲ್ಲಿ ಅರ್ಧದಷ್ಟು ಮಕ್ಕಳ ರಕ್ತದಲ್ಲಿ ಸೀಸ ಅಂದಿನ ಎಚ್ಚರಿಕೆಯ ಮಟ್ಟವನ್ನು ಮೀರಿತ್ತು. 2000ದ ಫೆಬ್ರವರಿ 1ರಿಂದ ದೇಶಾದ್ಯಂತ ಸೀಸದ ಪೆಟ್ರೋಲು ನಿಂತಿತು. ಕಟ್ಟಕಡೆಗೆ ಕಾರುಗಳಿಗೆ ಅದನ್ನು ಮಾರುತ್ತಿದ್ದ ದೇಶ ಆಲ್ಜೀರಿಯ. ಅಲ್ಲಿ 2021ರ ಜುಲೈನಲ್ಲಿ ದಾಸ್ತಾನು ಮುಗಿಯಿತು. ಮದ್ಯಸಾರಕ್ಕಿಂತ ಸೀಸ ಮೇಲೆಂದು ಆಯ್ದುಕೊಂಡು ಆಗ ಹತ್ತಿರಹತ್ತಿರ ನೂರು ವರ್ಷವಾಗಿತ್ತು.

ಇನ್ನುಳಿದದ್ದು ನೆಲದಡಿಯ ಸಂಗತಿ. ಅಗ್ಗದ ದಿನಗಳಲ್ಲಿ ಹೂತ ಟ್ಯಾಂಕುಗಳು ಒಂಟಿ ಪದರದ ಬರಿಯ ಉಕ್ಕಿನವು. ಮಣ್ಣಿನ ತೇವಕ್ಕೆ ತುಕ್ಕು ಹಿಡಿದು ಅವು ಸೋರತೊಡಗಿದವು. ಮೇಲೆ ಇಂಗಿದ್ದು ಕೆಳಗಿನ ಒರತೆಯಲ್ಲಿ ಹೊರಡುತ್ತದೆಂಬುದನ್ನು ಬೆಟ್ಟದೂರಿನವರು ಯಾವ ಪುಸ್ತಕದಿಂದಲೂ ಕಲಿಯಬೇಕಾಗಿಲ್ಲ. ಅಲ್ಲಿಯೂ ಬಾವಿಯ ನೀರಿಗೆ ವಾಸನೆ ಬಂದಾಗಲೇ ಜನರಿಗೆ ತಿಳಿದದ್ದು. ಕಾನೂನು 1984ರಲ್ಲಿ, ನಿಯಮಗಳು 1988ರಲ್ಲಿ, ಟ್ಯಾಂಕು ಬದಲಿಸಲು ಕೊನೆಯ ಗಡುವು 1998ರ ಡಿಸೆಂಬರಿನಲ್ಲಿ. ಈವರೆಗೆ 5 ಲಕ್ಷಕ್ಕೂ ಹೆಚ್ಚು ಸೋರಿಕೆಗಳು ದೃಢಪಟ್ಟಿವೆ. ಸೀಸ ಹೊರಟ ಮೇಲೆ ಬೆರೆಸತೊಡಗಿದ ‘ಎಂಟಿಬಿಇ’ ಎಂಬ ರಾಸಾಯನಿಕವೂ ನೀರಿನಲ್ಲಿ ಸಲೀಸಾಗಿ ಕರಗಿ ಓಡುವ ಜಾತಿಯದು. ಅದರ ದೆಸೆಯಿಂದ 1996ರಲ್ಲಿ ಕ್ಯಾಲಿಫೋರ್ನಿಯದ ಸಾಂತಾ ಮೋನಿಕ ನಗರ ತನ್ನ ಕುಡಿಯುವ ನೀರಿನ ಬಾವಿಗಳಲ್ಲಿ ಹಲವನ್ನು ಮುಚ್ಚಿ ನೀರನ್ನು ಹೊರಗಿನಿಂದ ಕೊಳ್ಳಬೇಕಾಯಿತು.

ಸೋರಿದ ಟ್ಯಾಂಕುಗಳ ಒಡೆಯರಲ್ಲಿ ಎಷ್ಟೋ ಮಂದಿ ಅಂಗಡಿ ಮುಚ್ಚಿ ಹೋಗಿಬಿಟ್ಟಿದ್ದರು. ಅದಕ್ಕಾಗಿ 1986ರಲ್ಲಿ ಒಂದು ನಿಧಿ ಸ್ಥಾಪನೆಯಾಯಿತು. ಅಲ್ಲಿ ಇಂದು ಪ್ರತಿ ಗ್ಯಾಲನ್ನಿಗೆ ತೆರುವ 18.4 ಸೆಂಟು ಕೇಂದ್ರ ತೆರಿಗೆಯಲ್ಲಿ ಸೆಂಟಿನ ಹತ್ತನೆಯ ಒಂದು ಭಾಗ ಆ ನಿಧಿಗೆ ಹೋಗುತ್ತದೆ. ಗಾಜಿನ ಪಂಪನ್ನು ಕಂಡೇ ಇರದ ಇಪ್ಪತ್ತರ ಹುಡುಗನೂ ಬಂಕಿನಲ್ಲಿ ನಿಂತಾಗಲೆಲ್ಲ ಆ ಪಾಲನ್ನು ಕಟ್ಟುತ್ತಿದ್ದಾನೆ.