ನನ್ನ ತಲೆಗೆ ಹತ್ತುವುದಿಲ್ಲ ಎನ್ನುವ ಮಾತು

(ಶಾಲೆಯ ಸುವರ್ಣ ಮಹೋತ್ಸವದ ಗುರುವಂದನಾ ಸಭೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಶಾಲೆಯ ಕಟ್ಟಡ ಎದ್ದ ಕಥೆ, ವರ್ಷವರ್ಷದ ಫಲಿತಾಂಶ, ಇಲ್ಲಿಂದ ಹೋಗಿ ದೊಡ್ಡ ಹುದ್ದೆಗೇರಿದವರ ವಿಷಯ ಬೆಳಗಿನಿಂದ ಕೇಳಿದ್ದೀರಿ. ನಾನು 31 ವರ್ಷ ಬೇರೆ ಬೇರೆ ಪ್ರೌಢಶಾಲೆಗಳಲ್ಲಿ ಗಣಿತ ಪಾಠ ಮಾಡಿದವನು. ಹಾಗಾಗಿ ಲೆಕ್ಕದ ಮಾತನ್ನೇ ಆಡುತ್ತೇನೆ. ಪುಸ್ತಕದ ಲೆಕ್ಕವಲ್ಲ, "ನನಗೆ ಬರುತ್ತದೆ", "ನನಗೆ ಬರುವುದಿಲ್ಲ" ಎಂದು ಮಗು ತನ್ನ ಬಗ್ಗೆ ತಾನೇ ಹಾಕಿಕೊಳ್ಳುವ ಲೆಕ್ಕ. ಅದನ್ನು ಮಗು ಒಂದೇ ಕೂತು ಹಾಕುವುದಿಲ್ಲ. ಮೇಷ್ಟರ ಮುಖ ನೋಡಿ, ಪಕ್ಕದ ಬೆಂಚಿನ ನಗು ಕೇಳಿ, ಮನೆಯಲ್ಲಿ ದೊಡ್ಡವರು ಆಡುವ ಮಾತು ಕೇಳಿ ಹಾಕಿಕೊಳ್ಳುತ್ತದೆ.

37ಕ್ಕೆ 48 ಕೂಡಿಸು ಎಂದು ಒಬ್ಬ ಹುಡುಗನನ್ನು ಎಬ್ಬಿಸಿ ಕೇಳುತ್ತೇವೆ ಎಂದುಕೊಳ್ಳಿ. ಏಳು ಎಂಟು ಹದಿನೈದು, ಐದು ಇಟ್ಟು ದಶಕ ಒಂದು ಕೈಲಿ. ಆ ಒಂದನ್ನು ಅವನು ಮನಸ್ಸಿನಲ್ಲಿ ಹಿಡಿದುಕೊಂಡು ಮುಂದಿನ ಅಂಕಿಗೆ ಹೋಗಬೇಕು. ಮನಸ್ಸಿನಲ್ಲಿ ಹಾಗೆ ಹಿಡಿದುಕೊಳ್ಳುವ ಜಾಗ ಎಲ್ಲರಿಗೂ ಚಿಕ್ಕದೇ. ಈಗ ಏಟು ಬೀಳುತ್ತದೋ, ಹಿಂದಿನವರು ನಗುತ್ತಾರೋ ಎಂಬ ಚಿಂತೆ ಬಂದು ಅದೇ ಜಾಗದಲ್ಲಿ ಕೂತುಬಿಟ್ಟರೆ ದಶಕ ಬಿದ್ದುಹೋಗುತ್ತದೆ. ಹುಡುಗ 75 ಎನ್ನುತ್ತಾನೆ. ನಾವು "ಇವನಿಗೆ ಕೂಡೋದೂ ಬರಲ್ಲ" ಎನ್ನುತ್ತೇವೆ. ನಿಜವಾಗಿ ಅವನಿಗೆ ಮುಕ್ಕಾಲು ಪಾಲು ಲೆಕ್ಕ ಬಂದಿದೆ.

ನನಗೆ ಇಲ್ಲಿ ಗಣಿತ ಹೇಳಿಕೊಟ್ಟ ಮೇಷ್ಟರು ಈಗ ವೇದಿಕೆಯ ಮೇಲೇ ಇದ್ದಾರೆ. ಅವರು ತಪ್ಪು ಉತ್ತರ ಬಂದರೆ "ಅದು ಹೇಗೆ ಬಂತು, ಹೇಳು" ಎನ್ನುತ್ತಿದ್ದರು. ಹೇಳುತ್ತಾ ಹೇಳುತ್ತಾ ಬಿದ್ದ ದಶಕ ನಮಗೇ ಸಿಗುತ್ತಿತ್ತು. ಉತ್ತರ ಪತ್ರಿಕೆಯನ್ನು ಅಂಕ ಒಳಗೆ ಇರುವಂತೆ ಮಡಿಸಿ ಕೈಗೆ ಕೊಡುತ್ತಿದ್ದರು. ಅವರು ಅದನ್ನು ಯಾವ ತರಬೇತಿಯಲ್ಲೂ ಕಲಿತಿರಲಾರರು. ಎಷ್ಟು ದೊಡ್ಡ ಕೆಲಸವೆಂದು ನಾನು ಮೇಷ್ಟರಾದ ಮೇಲೆ ತಿಳಿಯಿತು.

ಹೋದ ತಿಂಗಳು ಈ ಸಮಾರಂಭದ ಆಹ್ವಾನ ಪತ್ರಿಕೆ ಹಂಚಲು ಸಮಿತಿಯವರ ಜೊತೆ ಹೋಗಿದ್ದೆ. ಪಕ್ಕದ ಹಳ್ಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುವವರೊಬ್ಬರು ಹತ್ತನೇ ತರಗತಿವರೆಗೆ ಇಲ್ಲೇ ಓದಿದವರು. ಪತ್ರಿಕೆ ಕೈಗೆ ತೆಗೆದುಕೊಳ್ಳಲಿಲ್ಲ. "ನಂಗ್ಯಾಕೆ ಮೇಷ್ಟ್ರೇ, ನಾನ್ ಫೇಲಾದೋನು. ಪಾಸಾದೋರ್ಗೆ ಕೊಡಿ" ಎಂದರು. ನಾವು ನಿಂತಿದ್ದಾಗಲೇ ಒಬ್ಬಾಕೆ ರಾಗಿ ತಂದರು. ತಕ್ಕಡಿ ನೋಡಿ, "ಹದಿಮೂರೂವರೆ ಕೆ.ಜಿ., ಎಂಬತ್ತೊಂದು ರೂಪಾಯಿ ಕಣವ್ವಾ" ಎಂದರು. ಕೆ.ಜಿ.ಗೆ ಆರು ರೂಪಾಯಿಯಂತೆ. ಕಾಗದವಿಲ್ಲ, ಮೊಬೈಲಿಲ್ಲ. ನಾನು ನಕ್ಕು, "ಲೆಕ್ಕ ಬಲು ಚುರುಕು" ಎಂದೆ. ಅವರು ಗಂಭೀರವಾಗಿಯೇ, "ಇಲ್ಲ ಬುಡಿ, ನನ್ ತಲೆಗೆ ಲೆಕ್ಕ ಹತ್ತಾಕಿಲ್ಲ" ಎಂದರು. ಆ ಮಾತು ಯಾರು ಹೇಳಿದ್ದು ಎಂದು ಕೇಳಿದರೆ ನೆನಪಿಲ್ಲ. ಹೇಳಿದವರು ಮರೆತುಹೋಗಿದ್ದಾರೆ, ಮಾತು ಮಾತ್ರ ಉಳಿದಿದೆ. ದಿನಾ ನೂರು ಲೆಕ್ಕ ಸರಿಯಾಗಿ ಮಾಡಿದರೂ ಆ ಮಾತನ್ನು ಅಳಿಸಲು ಆಗಿಲ್ಲ.

ಇದು ಒಬ್ಬರ ಮನಸ್ಸಿನ ದೌರ್ಬಲ್ಯವಲ್ಲ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞೆಯರು ಉತ್ತರ ಪ್ರದೇಶದ ಹಳ್ಳಿಯ ಹುಡುಗರಲ್ಲಿ ಒಂದು ಪರೀಕ್ಷೆ ಮಾಡಿ 2004ರಲ್ಲಿ ವರದಿ ಪ್ರಕಟಿಸಿದರು. ಮೇಲ್ಜಾತಿಯ 321, ಕೆಳಜಾತಿ ಎನಿಸಿಕೊಂಡ 321 ಹುಡುಗರು. ಕಾಗದದ ಮೇಲೆ ಬರೆದ ಚಕ್ರವ್ಯೂಹದಂಥ ಚಿತ್ರದಲ್ಲಿ ಹೊರಗೆ ಬರುವ ದಾರಿ ಹುಡುಕಬೇಕು, ಬಿಡಿಸಿದ್ದಕ್ಕೆ ದುಡ್ಡು. ಜಾತಿಯ ಮಾತೇ ಎತ್ತದೆ ಕೂರಿಸಿದಾಗ ಎರಡೂ ಗುಂಪಿನವರು ಸಮಸಮವಾಗಿ ಬಿಡಿಸಿದರು. ಬೇರೆ ಗುಂಪುಗಳಲ್ಲಿ ಆಟಕ್ಕೆ ಮೊದಲು ಎಲ್ಲರೆದುರು ಪ್ರತಿ ಹುಡುಗನ ಹೆಸರು, ಮನೆತನ, ಜಾತಿ ಓದಿ ಹೇಳಿದರು. ಅಲ್ಲಿ ಕೆಳಜಾತಿಯ ಹುಡುಗರ ಸಾಧನೆ ಕುಸಿಯಿತು. ಅದೇ ಆಟ, ಅದೇ ಬಗೆಯ ಹುಡುಗರು. ಹೆಚ್ಚಾಗಿ ಬಂದದ್ದು ಎಲ್ಲರೆದುರು ಓದಿದ ಒಂದು ಸಾಲು ಮಾತ್ರ. ವಿದ್ಯಾರ್ಥಿವೇತನದ ಅರ್ಜಿಗೆಂದು "ಎಸ್.ಸಿ. ಮಕ್ಕಳು ಎದ್ದು ನಿಲ್ಲಿ" ಎಂದು ತರಗತಿಯಲ್ಲಿ ಕೂಗುವುದನ್ನು ನಾನು ಕೇಳಿದ್ದೇನೆ. ಕೂಗಿದವರಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ. ಎದ್ದು ನಿಂತ ಮಗುವಿಗೆ ಉದ್ದೇಶ ಕಾಣುವುದಿಲ್ಲ, ತಿರುಗಿದ ಮುಖಗಳು ಕಾಣುತ್ತವೆ.

ಮೇಷ್ಟರ ನಿರೀಕ್ಷೆಯ ವಿಷಯದಲ್ಲಿ ರೋಸೆಂತಾಲ್ ಮತ್ತು ಜೇಕಬ್‌ಸನ್ ಅಮೆರಿಕದಲ್ಲಿ ಮಾಡಿದ ಅಧ್ಯಯನ ಪುಸ್ತಕವಾಗಿ ಬಂದದ್ದು 1968ರಲ್ಲಿ. ಚೀಟಿ ಎತ್ತಿದ ಹಾಗೆ ಕೆಲವು ಮಕ್ಕಳನ್ನು ಆರಿಸಿ, "ಇವರು ಈ ವರ್ಷ ಚೆನ್ನಾಗಿ ಬೆಳೆಯುತ್ತಾರೆ" ಎಂದು ಶಿಕ್ಷಕರಿಗೆ ಹೇಳಿದ್ದರು. ಒಂದು, ಎರಡನೇ ತರಗತಿಯ ಅಂಥ ಮಕ್ಕಳು ನಿಜಕ್ಕೂ ಉಳಿದವರಿಗಿಂತ ಮುಂದೆ ಹೋದರು ಎಂದು ಅವರು ಬರೆದರು. ಪರಿಣಾಮ ಅಷ್ಟು ದೊಡ್ಡದಲ್ಲ ಎಂದು ಆಮೇಲೆ ವಿದ್ವಾಂಸರು ವಾದ ಮಾಡಿದ್ದಾರೆ, ಮಾಡಲಿ. ನನ್ನ ಅನುಭವ ಇಷ್ಟು: "ಪಾಸಿಂಗ್ ಪ್ಯಾಕೇಜ್ ಮಕ್ಕಳು" ಎಂದು ಜನವರಿಯಲ್ಲಿ ಬೇರೆ ಕೂರಿಸಿದ ಮೇಲೆ, ಆ ಕೊಠಡಿಯಿಂದ ಒಂದು ಪ್ರಶ್ನೆಯೂ ಬರುವುದಿಲ್ಲ. ಪಾಸಾದರೆ ಸಾಕು ಎಂದು ನಾವು ತೀರ್ಮಾನಿಸಿದ್ದೇವೆಂದು ಅವರಿಗೆ ತಿಳಿದಿರುತ್ತದೆ.

ಇಲ್ಲಿ ಮೊದಲನೇ ಸ್ಥಾನದಲ್ಲಿ ಪಾಸಾದವರೂ ಇದರಿಂದ ತಪ್ಪಿಸಿಕೊಂಡಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ, ಪಟ್ಟಣದ ಕಾಲೇಜಿನಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಿದವರು ಒಮ್ಮೆ ಕೈ ಎತ್ತಿ ನೋಡೋಣ. ನೋಡಿ, ಎಷ್ಟು ಕೈ! ಮೊದಲ ತಿಂಗಳು ಒಂದು ಸಂಶಯವನ್ನಾದರೂ ಕೇಳಿದವರು ಮಾತ್ರ ಕೈ ಇಳಿಸಬೇಡಿ. ನೋಡಿದಿರಾ, ಬಹುತೇಕ ಕೈ ಇಳಿದವು. ಜೂನ್‌ನಲ್ಲಿ ಊರಿಗೇ ಬುದ್ಧಿವಂತನಾಗಿದ್ದ ಹುಡುಗ ಜುಲೈನಲ್ಲಿ ದಡ್ಡನಾಗುವುದು ಹೇಗೆ? ಅವನ ತಲೆ ಬದಲಾಗಿಲ್ಲ. ಸುತ್ತ ಕೂತವರು, ಮಾತಿನ ಭಾಷೆ, ತಪ್ಪಾದಾಗ ಏಳುವ ನಗು ಬದಲಾಗಿವೆ.

ಅದೇ ಸುತ್ತಲಿನವರು ಎತ್ತಿಯೂ ನಿಲ್ಲಿಸುತ್ತಾರೆ. ಇಂದು ಒಬ್ಬರ ಸಹಾಯದಿಂದ ಮಾಡಿದ್ದನ್ನು ಮಗು ನಾಳೆ ತಾನೇ ಮಾಡುತ್ತದೆ ಎಂದು ರಷ್ಯಾದ ವೈಗೋಟ್‌ಸ್ಕಿ ಹೇಳಿದ್ದ. ನಮ್ಮ ಕಾಲದಲ್ಲಿ ಪರೀಕ್ಷೆ ಹತ್ತಿರ ಬಂದಾಗ ಶಾಲೆಯಲ್ಲೇ ರಾತ್ರಿ ಓದು ಇತ್ತು. ಲಾಂದ್ರದ ಸುತ್ತ ಐದಾರು ಜನ. ಪ್ರಮೇಯ ನನಗೆ ಅರ್ಥವಾದದ್ದು ಅಲ್ಲಿ, ಹಿಂದಿನ ದಿನವಷ್ಟೇ ಅದನ್ನು ಅರ್ಥಮಾಡಿಕೊಂಡಿದ್ದ ಗೆಳೆಯನಿಂದ. ಎಲ್ಲಿ ಎಡವುತ್ತೇವೆಂದು ಅವನಿಗೆ ಇನ್ನೂ ನೆನಪಿತ್ತು. ಮೇಷ್ಟರಿಗೆ ಅದು ಮರೆತು ಎಷ್ಟೋ ವರ್ಷವಾಗಿರುತ್ತದೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತದ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತ ಬಹುಮಟ್ಟಿಗೆ ಹೋಯಿತು, ಸಂತೋಷ. ನಾಲಿಗೆಯನ್ನು ಕಾಯ್ದೆ ಎಲ್ಲಿ ಹಿಡಿದೀತು? ಹಾಲಿ ಶಿಕ್ಷಕರಲ್ಲಿ ನನ್ನ ವಿನಂತಿ: ಕಿರುಪರೀಕ್ಷೆಯ ಅಂಕಗಳನ್ನು ತರಗತಿಯಲ್ಲಿ ಓದಿ ಹೇಳುವುದನ್ನು ಈ ವರ್ಷದಿಂದ ನಿಲ್ಲಿಸಿ. ಒಂದು ಪೈಸೆ ಖರ್ಚಿಲ್ಲ. ತಂದೆತಾಯಿಗಳೇ, ನೆಂಟರೆದುರು "ನಮ್ಮವನು ದಡ್ಡ" ಎಂದು ತಮಾಷೆಗೂ ಹೇಳಬೇಡಿ. ಬಾಗಿಲ ಹಿಂದೆ ನಿಂತು ಅವನು ಕೇಳುತ್ತಿರುತ್ತಾನೆ.

ಊಟಕ್ಕೆ ತಡವಾಗುತ್ತಿದೆ ಎಂದು ಚೀಟಿ ಬಂದಿದೆ. ಸಮಿತಿಯವರಿಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳ ಪಟ್ಟಿ ತಯಾರಾಗುತ್ತಿದೆ. ಅದನ್ನು ಎಸ್ಸೆಸ್ಸೆಲ್ಸಿ ಪಾಸಾದವರ ಪಟ್ಟಿ ನೋಡಿ ಬರೆಯುವುದು ಬೇಡ, ಅಡ್ಮಿಷನ್ ರಿಜಿಸ್ಟರ್ ನೋಡಿ ಬರೆಯಿರಿ. ನಡುವೆ ಬಿಟ್ಟು ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಜೀತಕ್ಕೆ ಹೋದವರು, ಫೇಲಾದವರು ಎಲ್ಲರ ಹೆಸರೂ ಅಲ್ಲಿದೆ. 50 ವರ್ಷದ ರಿಜಿಸ್ಟರ್ ನಕಲು ಮಾಡಲು ಒಂದು ವಾರ ಬೇಕಾಗಬಹುದು. ನಾನು ನಿವೃತ್ತ, ಸೋಮವಾರದಿಂದ ಬಂದು ಕೂರುತ್ತೇನೆ.