ಮೊಟ್ಟೆ ಪೆಟ್ಟಿಗೆ ಎಲ್ಲಿಡಬೇಕು? ಅವ್ವನ ಲೆಕ್ಕ ತಪ್ಪಿದ ಬೇಸಿಗೆ

ಹೋದ ಸಂಚಿಕೆಯಲ್ಲಿ ಹಿತ್ತಲ ಕೋಳಿ ಸಾಕಣೆಯ ಖರ್ಚಿನ ಬಗ್ಗೆ ಮಾತಾಡಿದ ಮೇಲೆ ಸುಮಾರು ಜನ ಒಂದೇ ಪ್ರಶ್ನೆ ಕಳಿಸಿದ್ದೀರಿ. ಪೆಟ್ಟಿಗೆ ಮಾಡಿಸಿದ್ದೀವಿ, ಹುಲ್ಲೂ ಹಾಕಿದ್ದೀವಿ, ಆದ್ರೆ ಕೋಳಿ ಅದರೊಳಗೆ ಮೊಟ್ಟೆ ಇಡ್ತಾ ಇಲ್ಲ, ಏನ್ ಮಾಡೋದು ಅಂತ. ಬಹಳ ಸಲ ಪೆಟ್ಟಿಗೆ ಚೆನ್ನಾಗೇ ಇರುತ್ತೆ, ಇಟ್ಟಿರೋ ಜಾಗ ಸರಿ ಇರಲ್ಲ. ಇದನ್ನ ನಾನು ಕಲಿತದ್ದು ಒಂದು ಕೋಳಿಯ ಪ್ರಾಣ ತೆಗೆದು. ಮೊದಲು ಅದನ್ನೇ ಹೇಳಿಬಿಡ್ತೀನಿ.

ನಮ್ಮೂರು ಮದ್ದೂರಿನ ಹತ್ತಿರ. ಅವ್ವನ ಹತ್ತಿರ 9 ಹೇಂಟೆ, ಒಂದು ಹುಂಜ. ಕಬ್ಬಿನ ದುಡ್ಡು ಅಪ್ಪನ ಖಾತೆಗೆ ಹೋಗುತ್ತೆ, ಹಾಲಿನ ದುಡ್ಡು ಸಾಲದ ಕಂತಿಗೆ. ಮೊಟ್ಟೆ ದುಡ್ಡು ಮಾತ್ರ ಅವ್ವಂದು. ಯಾರನ್ನೂ ಕೇಳದೆ ಖರ್ಚು ಮಾಡೋಕೆ ಅವಳಿಗಿರೋದು ಅದೊಂದೇ. ನಾನು ಬಿ.ಕಾಂ. ಮುಗಿಸಿ, ಬೆಂಗಳೂರಲ್ಲಿ ಎರಡು ವರ್ಷ ಅಕೌಂಟ್ಸ್ ಕೆಲಸ ಮಾಡಿ ಊರಿಗೆ ಬಂದವನು, ಅವ್ವನಿಗೆ ಉಪಕಾರ ಮಾಡೋಣ ಅಂತ ಕೊಟ್ಟಿಗೆ ಮೂಲೆಯಲ್ಲಿದ್ದ ಹಳೇ ಮಂಕರಿಗಳನ್ನ ಎಸೆದು, ಬಡಗಿ ಹತ್ತಿರ ಹಲಗೆ ಪೆಟ್ಟಿಗೆ ಮಾಡಿಸಿದೆ. ಅಂಗಳದಲ್ಲಿ, ಬಾಗಿಲಿಗೆ ಎದುರಾಗಿ, ಬೆಳಗಿನ ಬಿಸಿಲು ನೇರವಾಗಿ ಬೀಳೋ ಹಾಗೆ ಇಟ್ಟೆ. ಫೋಟೋ ತೆಗೆದು ಸ್ಟೇಟಸ್ ಕೂಡ ಹಾಕಿದ್ದೆ.

ದಿನಕ್ಕೆ ನಾಲ್ಕೈದು ಸಿಗ್ತಿದ್ದ ಮೊಟ್ಟೆ ಎರಡೇ ವಾರದಲ್ಲಿ ಒಂದಕ್ಕೆ ಇಳೀತು. ಯುಗಾದಿ ಹತ್ತಿರ ಬಂದಿತ್ತು. ಬಿಸಿಲಿಗೆ ಮೊಟ್ಟೆ ನಿಲ್ಸಿವೆ ಅಂದ್ಲು ಅವ್ವ. ನಾನೂ ಲೆಕ್ಕದ ಪುಸ್ತಕ ನೋಡಿ, ಹೌದು, ಮೇವಿನ ಖರ್ಚೇ ಹುಟ್ತಾ ಇಲ್ಲ ಅಂದೆ. ಹೊಸತೊಡಕಿನ ದಿನ ಅಪ್ಪ ಕರಿ ಹೇಂಟೆಯನ್ನ ಕೊಯ್ದ. ಅವ್ವ ಸ್ವಚ್ಛ ಮಾಡೋವಾಗ ಹೊಟ್ಟೆಯೊಳಗೆ ಚಿಪ್ಪು ಕಟ್ಟಿದ ಒಂದು ಪೂರ್ತಿ ಮೊಟ್ಟೆ, ಅದರ ಹಿಂದೆ ದೊಡ್ಡದು, ಚಿಕ್ಕದು, ಇನ್ನೂ ಚಿಕ್ಕದು ಅಂತ ಹಳದಿ ಗುಂಡುಗಳ ಗೊಂಚಲು. ಸಾರು ಮಾಡಿ ಎಲ್ಲರಿಗೂ ಬಡಿಸಿದ್ಲು, ತಾನು ಮುಟ್ಟಲಿಲ್ಲ. ಮಾರನೇ ದಿನ ಹುಡುಕಿದ್ರೆ ಸೌದೆ ರಾಶಿ ಹಿಂದೆ ಗೋಡೆ ಸಂದಿಯಲ್ಲಿ 23 ಮೊಟ್ಟೆ. ನೀರಿಗೆ ಹಾಕಿದಾಗ ಅರ್ಧಕ್ಕರ್ಧ ತೇಲಿದವು.

ಸ್ಟಾಕ್ ಕಡಿಮೆ ಬಂದ್ರೆ ಮೊದಲು ಗೋಡೌನ್ ಹುಡುಕಬೇಕು. ನಾನು ಫ್ಯಾಕ್ಟರಿಯನ್ನೇ ಮುಚ್ಚಿಸಿದ್ದೆ.

ಕೋಳಿ ಯಾಕೆ ಹೀಗೆ ಮಾಡುತ್ತೆ? ಊರುಕೋಳಿಯ ಮೂಲ ಕೆಂಪು ಕಾಡುಕೋಳಿ. ನಮ್ಮ ಪಶ್ಚಿಮ ಘಟ್ಟದಲ್ಲಿ ಕಾಣೋ ಬೂದು ಕಾಡುಕೋಳಿ ಅದರ ನೆಂಟ. ಎರಡೂ ರಾತ್ರಿ ಮಲಗೋದು ಮರದ ಕೊಂಬೆ ಮೇಲೆ, ಮೊಟ್ಟೆ ಇಡೋದು ಕೆಳಗೆ, ಪೊದೆಯ ಮರೆಯಲ್ಲಿ. ನಿಮ್ಮ ಹಿತ್ತಲ ಕೋಳಿಗೂ ಅದೇ ಬುದ್ಧಿ. ಮೊಟ್ಟೆ ಇಡೋವಾಗ ಅದಕ್ಕೆ ಯಾರೂ ನೋಡಬಾರದು, ಹಿಂದಿನಿಂದ ಯಾರೂ ಬರಬಾರದು. ಅವ್ವನ ಮಂಕರಿಗಳು ಕೊಟ್ಟಿಗೆಯ ಕತ್ತಲ ಮೂಲೇಲಿ ಇದ್ದದ್ದು ಅದಕ್ಕೇ. ಯಾಕೆ ಅಂತ ಅವಳು ಯಾವತ್ತೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಹಾಗಾಗಿ ಮೊದಲನೇ ಮಾತು: ಮೂರು ಕಡೆ ಮುಚ್ಚಿರೋ, ಗೋಡೆಗೆ ಬೆನ್ನು ಕೊಟ್ಟಿರೋ, ಮಬ್ಬು ಬೆಳಕಿನ ಜಾಗ. ಬಾಗಿಲು, ನಾಯಿ ಕಟ್ಟೋ ಜಾಗ, ಬೈಕ್ ನಿಲ್ಸೋ ಜಾಗ ಯಾವುದೂ ಎದುರಿಗೆ ಇರಬಾರದು. ಅಂಥ ಮೂಲೆ ಇಲ್ಲದಿದ್ರೆ ಗೋಣಿ ಚೀಲ ಸೀಳಿ ಪೆಟ್ಟಿಗೆ ಮುಂದೆ ಅರ್ಧಕ್ಕೆ ಪರದೆ ಹಾಗೆ ಇಳಿಬಿಡಿ. ತಗಡಿನ ಚಾವಣಿಗೆ ಅಂಟಿಸಿ ಮಾತ್ರ ಇಡಬೇಡಿ, ಏಪ್ರಿಲ್‌ನಲ್ಲಿ ಅದು ಕಾದ ಹೆಂಚು. ಮಳೆ ಎರಚಲು ನಿಮ್ಮ ಮನೆಗೆ ಯಾವ ಕಡೆಯಿಂದ ಹೊಡೆಯುತ್ತೆ ಅಂತ ನಿಮಗೇ ಗೊತ್ತಿರುತ್ತೆ, ಪೆಟ್ಟಿಗೆ ಬಾಯಿ ಆ ಕಡೆಗೆ ಬೇಡ.

ಇನ್ನು ಎತ್ತರ. ಇಲ್ಲಿ ನಾನು ಎರಡನೇ ಸಲ ಎಡವಿದೆ. ಹಾವಿಗೆ ಹೆದರಿ ಪೆಟ್ಟಿಗೆಯನ್ನ ಕೊಟ್ಟಿಗೆಯಲ್ಲಿ ನನ್ನ ಎದೆ ಮಟ್ಟಕ್ಕೆ ತೂಗುಹಾಕಿದೆ. ಕೋಳಿಗಳಿಗೆ ಭಾರೀ ಖುಷಿ ಆಯ್ತು, ರಾತ್ರಿ ಮಲಗೋಕೆ! ಕೋಳಿ ಸಂಜೆ ಹೊತ್ತು ಇದ್ದದ್ದರಲ್ಲಿ ಎತ್ತರದ ಜಾಗ ಹುಡುಕುತ್ತೆ. ಅದು ಪೆಟ್ಟಿಗೆಯೇ ಆದ್ರೆ ರಾತ್ರಿಯೆಲ್ಲ ಅಲ್ಲೇ ಹಿಕ್ಕೆ ಹಾಕುತ್ತೆ, ಬೆಳಗ್ಗೆ ಅದರ ಮೇಲೆ ಮೊಟ್ಟೆ. ಕೊಳೆ ಮೊಟ್ಟೆಯನ್ನ ಅಂಗಡಿಯವನು ತಗೊಳ್ಳಲ್ಲ. ತೊಳೆದು ಕೊಟ್ರೆ ಚಿಪ್ಪಿನ ಮೇಲಿರೋ ತೆಳು ಪೊರೆ ಹೋಗಿ ಬೇಗ ಕೆಡುತ್ತೆ. ಈಗ ನಮ್ಮಲ್ಲಿ ಪೆಟ್ಟಿಗೆ ನೆಲದಿಂದ ಒಂದೂವರೆ ಅಡಿ, ಮಲಗೋ ಬಿದಿರು ಗಳ ಮೂರು ಅಡಿ. ಈ ವ್ಯತ್ಯಾಸ ಮುಖ್ಯ. ಗಳದ ಕೆಳಗೇ ನೇರವಾಗಿ ಪೆಟ್ಟಿಗೆ ಬೇಡ, ಯಾಕೆ ಅಂತ ಹೇಳಬೇಕಾಗಿಲ್ಲ. ಗಿರಿರಾಜದಂಥ ಭಾರದ ಕೋಳಿ ಇದ್ರೆ ಇನ್ನೂ ತಗ್ಗಿಸಿ, ಅವು ಹಾರೋದು ಅಷ್ಟಕ್ಕಷ್ಟೇ.

ಹಾವಿನ ವಿಷಯ. ಕೇರೆಹಾವು ಮರವನ್ನೇ ಹತ್ತುತ್ತೆ, ನಿಮ್ಮ ಪೆಟ್ಟಿಗೆ ಎತ್ತರ ಅದಕ್ಕೆ ಲೆಕ್ಕಕ್ಕಿಲ್ಲ. ಸೌದೆ, ಹುಲ್ಲಿನ ಬಣವೆ, ತಿಪ್ಪೆ ಇವುಗಳ ಪಕ್ಕ ಪೆಟ್ಟಿಗೆ ಇಡಬೇಡಿ. ಅಲ್ಲಿ ಇಲಿ ಇರುತ್ತೆ, ಇಲಿ ಹಿಂದೆ ಹಾವು ಬರುತ್ತೆ. ಸಂಜೆಯೊಳಗೆ ಮೊಟ್ಟೆ ತೆಗೆದುಬಿಡಿ.

ಅಳತೆ ಅಂತೀರಾ, ಎಲ್ಲ ಕಡೆ ಒಂದೊಂದು ಅಡಿ, ಮುಂದೆ ನಾಲ್ಕು ಇಂಚಿನ ತಡೆಪಟ್ಟಿ, ನಾಲ್ಕೈದು ಹೇಂಟೆಗೆ ಒಂದು ಪೆಟ್ಟಿಗೆ. ನೀವು ಮೂರು ಇಟ್ರೂ ಅವು ಒಂದಕ್ಕೇ ಕ್ಯೂ ನಿಲ್ತವೆ. ಹಳೇ ಟೊಮೆಟೊ ಕ್ರೇಟ್ ಆದ್ರೂ ನಡೆಯುತ್ತೆ.

ಜಾಗ ಬದಲಾಯಿಸಿದ ಮೇಲೆ ಒಂದು ವಾರ ಬೆಳಗ್ಗೆ 10–11 ಗಂಟೆವರೆಗೆ ಹೊರಗೆ ಬಿಡಬೇಡಿ, ಹೆಚ್ಚಿನವು ಬೆಳಗಿನ ಹೊತ್ತೇ ಇಡ್ತವೆ. ಒಳಗೇ ನೀರು, ಮೇವು ಇರಲಿ. ಪೆಟ್ಟಿಗೆಯಲ್ಲಿ ಒಂದು ಮೊಟ್ಟೆ ಬಿಟ್ಟು ಉಳಿದದ್ದು ತೆಗೆಯೋದು ಹಳೇ ಪದ್ಧತಿ. ಬಿಟ್ಟ ಮೊಟ್ಟೆಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಎರಡು ದಿನಕ್ಕೊಮ್ಮೆ ಬದಲಾಯಿಸಿ. ಮೊಟ್ಟೆ ಬದಲು ಬಿಳಿ ಚೆಂಡು ಇಟ್ರೂ ಆಗುತ್ತೆ, ಆದ್ರೆ ರಾತ್ರಿ ತೆಗೆದಿಡಿ, ಹಾವು ನುಂಗಿದ್ರೆ ಪಾಪ ಸಾಯುತ್ತೆ. ಕಾವಿಗೆ ಕೂತ ಹೇಂಟೆಗೆ ಬೇರೆ ಕಡೆ ಮಂಕರಿ ಕೊಡಿ, ಇಲ್ಲಾಂದ್ರೆ ಅದು ಮೂರು ವಾರ ಪೆಟ್ಟಿಗೆ ಬಿಟ್ಟು ಏಳಲ್ಲ.

ಈಗ ಅವ್ವನ ಪುಸ್ತಕದಲ್ಲಿ ಮತ್ತೆ ದಿನಕ್ಕೆ ನಾಲ್ಕೋ ಐದೋ ಬರೀತಿದ್ದಾಳೆ. ಒಂದು ಕೆಂಪು ಹೇಂಟೆ ಮಾತ್ರ ಇವತ್ತಿಗೂ ಪೆಟ್ಟಿಗೆ ಕಡೆ ತಿರುಗಿ ನೋಡಲ್ಲ. ಕೊಟ್ಟಿಗೆಯಲ್ಲಿ ಬಿದ್ದಿದ್ದ ಅಪ್ಪನ ಹಳೇ ಹೆಲ್ಮೆಟ್‌ನಲ್ಲೇ ಇಡುತ್ತೆ. ಹೆಲ್ಮೆಟ್ ಅದಕ್ಕೇ ಬಿಟ್ಟುಕೊಟ್ಟಿದ್ದೀವಿ. ನಿಮ್ಮ ಕೋಳಿ ಎಲ್ಲಿಡ್ತಿದೆ, ವಾಯ್ಸ್ ನೋಟ್ ಕಳಿಸಿ.